ಮೇಣ ಯಾಕೆ ಕರಗಿತು

ಜೂನ್ ೩, ಸೋಮವಾರ

ಸಾಹಿತ್ಯದ ಮೇಡಂ ಗ್ರಂಥಾಲಯದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾರೆ. ಕೇಳಿದಾಗ ಪಾಪ ಅನ್ನಿಸಿತು. ಆ ಅನುಕಂಪ ಹೆಡ್ ಮಾಸ್ಟರ್ ನನ್ನನ್ನು ಕರೆಸುವವರೆಗೆ ಮಾತ್ರ ಉಳಿಯಿತು.

"ನಿಮಗೆ ಈ ವರ್ಷ ಪೀರಿಯಡ್ ಕಮ್ಮಿ ಇದೆಯಲ್ಲ ಮೇಷ್ಟ್ರೇ," ಅಂದರು.

ಇರುವುದು ನಿಜ. ವಿಶೇಷ ಗಣಿತ ತೆಗೆದುಕೊಂಡ ಮಕ್ಕಳು ಈ ಸಲ ಒಂದು ಬೆಂಚಿಗೂ ಸಾಲುವುದಿಲ್ಲ. ತೆಗೆದುಕೊಳ್ಳದವರಲ್ಲಿ ನನ್ನ ಮಗಳೂ ಒಬ್ಬಳು. ಆ ವಿಷಯ ಇಲ್ಲಿ ಬರೆಯುವುದಿಲ್ಲ.

"ಮೇಡಂ ವಾಪಸ್ ಬರೋ ತನಕ ಸಾಹಿತ್ಯದ ಕ್ಲಾಸ್ ನೀವು ನೋಡ್ಕೊಳಿ."

"ಸರ್, ನಾನು ಲೆಕ್ಕದ ಮೇಷ್ಟ್ರು."

"ಓದೋಕೆ ಬರುತ್ತಲ್ಲ?"

ಬರುವುದಿಲ್ಲ ಎನ್ನಲು ಆಗುತ್ತದೆಯೇ. ನನ್ನ ಮಗಳು ಅದೇ ತರಗತಿಯಲ್ಲಿದ್ದಾಳೆ ಎಂದು ನೆನಪಿಸಿದೆ. "ಒಳ್ಳೇದೇ ಆಯ್ತು, ಮನೇಲೂ ಹೇಳ್ಕೊಡಬಹುದು," ಅಂದರು. ಮನೆಯಲ್ಲಿ ನಾವಿಬ್ಬರೂ ಮಾತು ಬಿಟ್ಟು ತಿಂಗಳಾಗಿದೆ ಎಂದು ಅವರಿಗೆ ಹೇಳುವುದು ಹೇಗೆ.

ಪಾಠ: ಗ್ರೀಕ್ ಪುರಾಣ, ಸಂಕೇತಗಳು, ವೀರನ ಪಯಣ. ಅದರಲ್ಲಿನ ಹೆಸರುಗಳನ್ನು ಒಮ್ಮೆ ಜೋರಾಗಿ ಓದಿ ನೋಡಿದೆ. ಎರಡನೇ ಹೆಸರಿಗೇ ನಾಲಿಗೆ ಕಚ್ಚಿಕೊಂಡೆ. ನಾಳೆಯಿಂದ ನನ್ನದೇ ಹೆಸರು ಇಟ್ಟುಕೊಳ್ಳುತ್ತೇನೆ. ಒಂದೇ ಕಣ್ಣಿನ ರಾಕ್ಷಸ ಒಂಟಿಗಣ್ಣ. ತಲೆತುಂಬ ಹಾವಿರುವ ಹೆಂಗಸು ಹಾವುಗೂದಲಮ್ಮ.

ಜೂನ್ ೪, ಮಂಗಳವಾರ

ಮೊದಲ ಕ್ಲಾಸು. ಸಂಕೇತವೆಂದರೆ ಏನು ಎಂದು ಕೇಳಿದೆ. ನಾನೇ ಹೇಳಿದೆ: ಲೆಕ್ಕದಲ್ಲಿ ಗೊತ್ತಿಲ್ಲದ ಸಂಖ್ಯೆಯ ಬದಲು ಒಂದು ಅಕ್ಷರ ಇಡುತ್ತೇವೆ, ಇಲ್ಲೂ ಹಾಗೆಯೇ. ಬೋರ್ಡಿನ ಮೇಲೆ ಎರಡು ಕಂಬಸಾಲು ಎಳೆದು ಅಚ್ಚುಕಟ್ಟಾಗಿ ಬರೆದೆ. ಹಾವು ಅಂದರೆ ಭಯ. ಸಮುದ್ರ ಅಂದರೆ ಕಷ್ಟ. ದೀಪ ಅಂದರೆ ಜ್ಞಾನ. ಬರೆದು ಮುಗಿಸಿದಾಗ, ಇಷ್ಟಕ್ಕೆ ಮೇಡಂ ವರ್ಷಪೂರ್ತಿ ಏನು ಮಾಡುತ್ತಿದ್ದರು ಅನ್ನಿಸಿತು.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ನನ್ನ ಮಗಳದು.

"ಸರ್, ಔಷಧಿ ಅಂಗಡಿ ಬೋರ್ಡ್ ಮೇಲೂ ಹಾವಿನ ಚಿತ್ರ ಇರುತ್ತಲ್ಲ. ಅಲ್ಲೂ ಭಯಾನಾ?"

ಅವಳ ಅಮ್ಮ ಕೆಲಸ ಮಾಡುವುದೇ ಔಷಧಿ ಅಂಗಡಿಯಲ್ಲಿ. ಬೇಕೆಂದೇ ಕೇಳಿದಳು.

"ಬಿಲ್ಲು ನೋಡಿದ ಮೇಲೆ ಭಯ ಆಗುತ್ತಲ್ಲ," ಅಂದೆ.

ನಾನು ಇದ್ದದ್ದನ್ನು ಹೇಳಿದ್ದು. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಬೆಂಚಿನಲ್ಲಿ ಸದಾ ನಿದ್ದೆ ಮಾಡುವ ಹುಡುಗನೊಬ್ಬನಿದ್ದಾನೆ, ಎಲ್ಲರೂ ತೂಕಡಿಕೆ ಎಂದೇ ಕರೆಯುವುದು. ಅವನೂ ಎದ್ದು, ಏನಾಯಿತೆಂದು ಪಕ್ಕದವನನ್ನು ಕೇಳಿ, ತಡವಾಗಿ ನಕ್ಕ. ಇಷ್ಟು ವರ್ಷದ ಲೆಕ್ಕದ ಪಾಠದಲ್ಲಿ ಯಾರೂ ನಕ್ಕ ನೆನಪಿಲ್ಲ. ಮಗಳು ಮಾತ್ರ ನಗಲಿಲ್ಲ. ಆದರೆ ಕೆಳತುಟಿ ಕಚ್ಚಿಕೊಂಡಳು.

ಜೂನ್ ೭, ಶುಕ್ರವಾರ

ಊಟದ ಮೇಜಿನಲ್ಲಿ ನಡೆದದ್ದು:

ನಾನು ಹೆಂಡತಿಗೆ: "ನಿನ್ನ ಮಗಳಿಗೆ ಹೇಳು, ಸೋಮವಾರ ಪಾಠ ಓದಿಕೊಂಡು ಬರಬೇಕು ಅಂತ."

ಮಗಳು ಅವಳ ಅಮ್ಮನಿಗೆ: "ಅಮ್ಮ, ಸರ್‌ಗೆ ಹೇಳು, ನಾನು ಆ ಪುಸ್ತಕ ರಜದಲ್ಲೇ ಓದಿ ಮುಗಿಸಿದೀನಿ ಅಂತ."

ಹೆಂಡತಿ ನೀರಿನ ಜಗ್ಗಿಗೆ: "ನೋಡಪ್ಪಾ, ಇವರಿಬ್ಬರೂ ಒಂದೇ ಮೇಜಲ್ಲಿ ಕೂತಿದಾರೆ. ಇಬ್ಬರಿಗೂ ಕಿವಿ ಇದೆ. ಯಾರಿಗಾದ್ರೂ ಹೇಳು."

ಜೂನ್ ೧೨, ಬುಧವಾರ

ಮೇಡಂ ಮನೆಗೆ ಹೋಗಿದ್ದೆ. ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಕಡಲೆಕಾಯಿ ತಿನ್ನುತ್ತಿದ್ದರು. ಪಾಠ ಎಲ್ಲಿಯವರೆಗೆ ಬಂತೆಂದು ಕೇಳಿದರು. ನನ್ನ ಎರಡು ಕಂಬಸಾಲಿನ ಪಟ್ಟಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ಪ್ಲಾಸ್ಟರಿನ ಸಂದಿಗೆ ತೂರಿಸಿ ತುರಿಸಿಕೊಂಡರು.

"ಸರ್, ಬೇಜಾರ್ ಮಾಡ್ಕೋಬೇಡಿ. ಕಥೆ ಬಿಡಿಸೋಕೆ ಹೋಗಬೇಡಿ. ಹೇಳಿ ಸಾಕು."

"ಹೇಳಿದರೆ ಉತ್ತರ ಹೇಗೆ ಬರುತ್ತೆ?"

"ಬರಲ್ಲ. ಅದೇ ಅದರ ಮಜಾ."

ಉತ್ತರ ಬಾರದ್ದರಲ್ಲಿ ಎಂಥ ಮಜಾ. ನೋವಿನ ಮಾತ್ರೆಯ ಪ್ರಭಾವವಿರಬೇಕು.

ಜೂನ್ ೧೩, ಗುರುವಾರ

ಕಥೆ ಹೇಳುವುದನ್ನು ಅಭ್ಯಾಸ ಮಾಡಲೆಂದು ಹೆಂಡತಿಯನ್ನು ಕೂರಿಸಿಕೊಂಡು ಒಂಟಿಗಣ್ಣನ ಕಥೆ ಹೇಳಿದೆ. ವೀರ ತನ್ನ ಹೆಸರು 'ಯಾರೂ ಇಲ್ಲ' ಎಂದು ಸುಳ್ಳು ಹೇಳುತ್ತಾನೆ. ರಾಕ್ಷಸನ ಕಣ್ಣಿಗೆ ಚುಚ್ಚುತ್ತಾನೆ. 'ಯಾರೂ ಇಲ್ಲ ನನ್ನ ಚುಚ್ಚಿದ' ಎಂದು ರಾಕ್ಷಸ ಕೂಗಿದರೆ ಅವನ ನೆಂಟರು ಬಂದಾರೆ? ವೀರ ಪಾರಾಗಿ ಹಡಗು ಹತ್ತುತ್ತಾನೆ. ಅಲ್ಲಿಗೆ ಸುಮ್ಮನಿರದೆ, ಹಡಗಿನಿಂದ ಹಿಂತಿರುಗಿ ನಿಜವಾದ ಹೆಸರು ಕೂಗಿ ಹೇಳುತ್ತಾನೆ. ಹೆಸರು ಗೊತ್ತಾದ ರಾಕ್ಷಸ ಶಾಪ ಹಾಕಿಸುತ್ತಾನೆ, ಅಲ್ಲಿಂದ ಶುರು ಅವನ ವನವಾಸ.

"ಗೆದ್ದಾಗಿತ್ತಲ್ಲ, ಯಾಕೆ ಕೂಗಿದ?" ಅಂದಳು.

"ಅಹಂಕಾರ, ಅಂತ ಪುಸ್ತಕದಲ್ಲಿದೆ."

"ನೀವೂ ಹಂಗೇ ಕಣ್ರೀ. ವಾದದಲ್ಲಿ ಗೆದ್ದ ಮೇಲೂ ಬಾಗಿಲ ತನಕ ಹೋಗಿ, ವಾಪಸ್ ತಿರುಗಿ ಇನ್ನೊಂದು ಮಾತು ಆಡಿಬರ್ತೀರ. ಅವತ್ತು ಮಗಳ ಹತ್ತಿರ ಆಡಿದ್ದೂ ಅದೇ ಕಡೇ ಮಾತು. 'ಕಥೆ ಓದಿ ಯಾರು ಉದ್ಧಾರ ಆಗಿದಾರೆ' ಅಂತ."

ನಾನು ಕಥೆ ಹೇಗೆ ಹೇಳಿದೆ ಎಂದು ಕೇಳಿದ್ದು. ಇವಳು ವಿಷಯ ಬದಲಿಸಿದಳು.

ಜೂನ್ ೧೪, ಶುಕ್ರವಾರ

ಒಂಟಿಗಣ್ಣನ ಕಥೆ ಹೇಳಿದೆ. ತೂಕಡಿಕೆ ಕೊನೆಯವರೆಗೂ ಎಚ್ಚರವಾಗಿದ್ದ.

ಜೂನ್ ೧೮, ಮಂಗಳವಾರ

ವೀರನ ಪಯಣ. ಕರೆ ಬರುತ್ತದೆ, ಒಲ್ಲೆ ಅನ್ನುತ್ತಾನೆ, ಯಾರೋ ಹಿರಿಯರು ಸಿಗುತ್ತಾರೆ, ಹೊಸಿಲು ದಾಟುತ್ತಾನೆ, ಪೆಟ್ಟು ತಿನ್ನುತ್ತಾನೆ, ಏನೋ ತೆಗೆದುಕೊಂಡು ಮನೆಗೆ ಮರಳುತ್ತಾನೆ. ಇದನ್ನು ವೃತ್ತದಲ್ಲಿ ತೋರಿಸಬೇಕಂತೆ. ಕೈವಾರವಿಲ್ಲದೆ ಒಂದೇ ಎಳೆತಕ್ಕೆ ವೃತ್ತ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹಿತ್ಯದ ಕ್ಲಾಸಿನಲ್ಲಿ ನನಗೆ ಸಿಕ್ಕ ಮೊದಲ ಮರ್ಯಾದೆ ರೇಖಾಗಣಿತದ್ದು ಎಂಬುದು ಗಮನಾರ್ಹ.

"ಸರ್, ಹೆಡ್ ಮಾಸ್ಟರ್ ಕರೆದಾಗ ನೀವೂ ಒಲ್ಲೆ ಅಂದ್ರಾ?" ತೂಕಡಿಕೆ ಕೇಳಿದ.

"ಅಂದೆ."

"ಹಂಗಾದ್ರೆ ನೀವೂ ವೀರ."

"ಅಲ್ಲಪ್ಪ. ವೀರ ಮನಸ್ಸು ಬದಲಾಯಿಸಿಕೊಂಡು ಹೊರಡ್ತಾನೆ. ನಾನು ಸಂಬಳಕ್ಕೆ ಹೊರಟವನು."

ಮತ್ತೆ ನಗು. ಇವರಿಗೆ ಏನು ಹೇಳಿದರೂ ತಮಾಷೆ.

ಜೂನ್ ೨೫, ಮಂಗಳವಾರ

ಸ್ಟಾಫ್ ರೂಮಿನಲ್ಲಿ ಗಣಿತದ ಪುಸ್ತಕದೊಳಗೆ ಪುರಾಣದ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ನಾಳೆಯ ಪಾಠವಲ್ಲ, ಬಹಳ ಮುಂದಿನದು. ತಯಾರಿ ಒಳ್ಳೆಯದು ಎಂದು, ಅಷ್ಟೇ. ವಿಜ್ಞಾನದ ಮೇಷ್ಟ್ರು ಬಗ್ಗಿ ನೋಡಿ, "ಲೆಕ್ಕದ ಪುಸ್ತಕದಲ್ಲಿ ರೆಕ್ಕೆ ಕಟ್ಟಿದ ಕುದುರೆ ಯಾವಾಗ ಸೇರಿಸಿದರು?" ಅಂದರು. ಸಂಕೇತ ಅಂದೆ.

ಲೆಕ್ಕದ ಕ್ಲಾಸಿನಲ್ಲಿ ಇವತ್ತು ಒಂದು ಸಮೀಕರಣ ಬಿಡಿಸುವಾಗ, ಎಕ್ಸ್ ಈ ಕಡೆ ಕಾವಲುಗಾರರ ನಡುವೆ ಸೆರೆಯಲ್ಲಿದ್ದಾನೆ, ಒಬ್ಬೊಬ್ಬರನ್ನೇ ಆಚೆ ಕಳಿಸಿ ಅವನನ್ನು ಬಿಡಿಸಬೇಕು ಎಂದು ಏನೋ ಹೇಳುತ್ತ ಕೂತು ಎರಡು ಲೆಕ್ಕ ಬಾಕಿ ಉಳಿಯಿತು. ಸಮಯದ ಮೇಲೆ ನಿಗಾ ಇಡಬೇಕು.

ಜುಲೈ ೧, ಸೋಮವಾರ

ಇವತ್ತಿನದು ಮೇಣದ ರೆಕ್ಕೆಯ ಕಥೆ. ಒಬ್ಬ ಮಹಾ ಕುಶಲಿಗ, ಅವನಿಗೊಬ್ಬ ಮಗ. ಇಬ್ಬರೂ ಒಂದು ದ್ವೀಪದಲ್ಲಿ ಸೆರೆಯಾಳುಗಳು. ಅಪ್ಪ ಹಕ್ಕಿಯ ಗರಿಗಳನ್ನು ಮೇಣದಿಂದ ಅಂಟಿಸಿ ಇಬ್ಬರಿಗೂ ರೆಕ್ಕೆ ಮಾಡುತ್ತಾನೆ. ಬಹಳ ಕೆಳಗೆ ಹಾರಬೇಡ, ನೀರು ತಾಗುತ್ತದೆ. ಬಹಳ ಮೇಲೆ ಹಾರಬೇಡ, ಬಿಸಿಲಿಗೆ ಮೇಣ ಕರಗುತ್ತದೆ ಎಂದು ಬುದ್ಧಿ ಹೇಳುತ್ತಾನೆ. ಮಗ ಕೇಳುವುದಿಲ್ಲ. ಮೇಲೆ ಮೇಲೆ ಹೋಗಿ, ಮೇಣ ಕರಗಿ, ಸಮುದ್ರಕ್ಕೆ ಬೀಳುತ್ತಾನೆ.

ಕಡೆಗೂ ನನಗೆ ಒಪ್ಪಿಗೆಯಾದ ಕಥೆ. ಹಿರಿಯರ ಮಾತು ಕೇಳದಿದ್ದರೆ ಹೀಗೇ ಎಂದು ಕಿಟಕಿಯ ಕಡೆ ನೋಡಿಯೇ ಹೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಪುಸ್ತಕದಲ್ಲಿ ಏನೇ ಬರೆದಿದ್ದರೂ ಸರಿಯಾದದ್ದನ್ನು ಹೇಳುವುದು ಮೇಷ್ಟ್ರ ಧರ್ಮ ಎಂದುಕೊಂಡು, "ಅಂದಹಾಗೆ, ಮೇಲೆ ಹೋದಷ್ಟೂ ಚಳಿ ಜಾಸ್ತಿ. ಬೆಟ್ಟದ ತುದಿಯಲ್ಲಿ ಹಿಮ ಇರೋದು ಅದಕ್ಕೇ. ಲೆಕ್ಕದ ಪ್ರಕಾರ ಮೇಣ ಕರಗೋ ಹಾಗಿಲ್ಲ, ಇನ್ನೂ ಗಟ್ಟಿಯಾಗಬೇಕು," ಅಂದೆ.

ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಹಂಗಾದ್ರೆ ಅವನು ಯಾಕೆ ಬಿದ್ದ ಸರ್?" ತೂಕಡಿಕೆ ಕೇಳಿದ.

ಗಂಟೆ ಹೊಡೆಯಿತು. ಗಂಟೆ ಹೊಡೆಯುವವನಿಗೆ ಒಳ್ಳೆಯದಾಗಲಿ. 'ಅವನು ಯಾಕೆ ಬಿದ್ದ' ಎಂಬುದನ್ನೇ ಇಪ್ಪತ್ತು ಅಂಕದ ಪ್ರಬಂಧಕ್ಕೆ ಕೊಟ್ಟು ಹೊರಬಂದೆ.

ಜುಲೈ ೫, ಶುಕ್ರವಾರ

ಪ್ರಬಂಧಗಳು ಬಂದಿವೆ. ಹೆಚ್ಚಿನವರು ಗಾಳಿ, ಹಕ್ಕಿ, ಕಳಪೆ ಮೇಣ ಎಂದು ಬರೆದಿದ್ದಾರೆ. ತೂಕಡಿಕೆ 'ಹಾರುವಾಗ ನಿದ್ದೆ ಬಂದಿರಬಹುದು' ಎಂದು ಬರೆದಿದ್ದಾನೆ. ಸ್ವಾನುಭವ ಇರುವುದರಿಂದ ಹನ್ನೆರಡು ಕೊಟ್ಟೆ.

ಮಗಳದು ಐದು ಪುಟ. ಎಲ್ಲರೂ ಮಗನನ್ನೇ ಬೈಯುತ್ತಾರಂತೆ. ಬುದ್ಧಿ ಹೇಳಿದ ಅಪ್ಪ ಅದಕ್ಕೆ ಮುಂಚೆ ಎಷ್ಟು ಸಲ ಹಾರಿದ್ದ ಎಂದು ಯಾರೂ ಕೇಳುವುದಿಲ್ಲವಂತೆ. ಅವನೂ ಅವತ್ತೇ ಮೊದಲ ಸಲ ಹಾರುತ್ತಿದ್ದದ್ದು, ಆದರೆ ಹಾಗೆಂದು ಮಗನಿಗೆ ಹೇಳಲಿಲ್ಲ. ನನಗೂ ಭಯ, ನೀನು ಪಕ್ಕದಲ್ಲೇ ಇರು ಎಂದು ಒಂದು ಮಾತು ಹೇಳಿದ್ದರೆ ಮಗ ಪಕ್ಕದಲ್ಲೇ ಇರುತ್ತಿದ್ದ. ಎಲ್ಲ ಗೊತ್ತಿರುವವನ ಹಾಗೆ ಮುಂದೆ ಹಾರಿದ. ಹಿಂತಿರುಗಿ ನೋಡಿದಾಗ ನೀರಿನ ಮೇಲೆ ಬರೀ ಗರಿ ತೇಲುತ್ತಿತ್ತು.

ಮಾರ್ಜಿನ್ನಿನಲ್ಲಿ 'ಸಾಕ್ಷಿ ಎಲ್ಲಿ?' ಎಂದು ಬರೆದೆ. ಕೊನೆಯಲ್ಲಿ 'ವಿಷಯಾಂತರ' ಎಂದು ಬರೆದೆ. ಹನ್ನೊಂದು.

ತೂಕಡಿಕೆಗಿಂತ ಒಂದು ಕಮ್ಮಿಯಾಯಿತು ಎಂಬುದು ಆಮೇಲೆ ಹೊಳೆಯಿತು. ಅಂಕ ಕೊಟ್ಟ ಮೇಲೆ ತಿದ್ದುವುದು ನನ್ನ ಪದ್ಧತಿಯಲ್ಲ.

ಜುಲೈ ೯, ಮಂಗಳವಾರ

ಬೆಳಿಗ್ಗೆ ತರಗತಿಯಲ್ಲಿ ಅಂಕಗಳನ್ನು ಓದಿ ಹೇಳಿದ್ದೆ. ಮಗಳು ಹೆಡ್ ಮಾಸ್ಟರ್ ಹತ್ತಿರ ಹೋಗಿ ದೂರು ಕೊಟ್ಟಳು. ನನ್ನ ಮೇಲೆ. ನಾನು ಇನ್ನೂ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಿದ್ದೆ.

"ಸರ್ ನಮ್ಮ ತಂದೆ ಆಗಿರೋದ್ರಿಂದ ನಿಷ್ಪಕ್ಷಪಾತವಾಗಿ ನೋಡಿಲ್ಲ," ಅಂದಳಂತೆ. ಅಪ್ಪ ಮಗಳಿಗೆ ಜಾಸ್ತಿ ಕೊಟ್ಟ ಎಂಬ ದೂರು ಹೆಡ್ ಮಾಸ್ಟರ್ ಕೇಳಿದ್ದರು, ಕಮ್ಮಿ ಕೊಟ್ಟ ಎಂಬುದು ಅವರ ಸರ್ವಿಸ್ಸಿನಲ್ಲೇ ಮೊದಲಂತೆ. ಪ್ರಬಂಧವನ್ನು ಮೇಡಂ ಮನೆಗೆ ಕಳಿಸಿದರು.

ಜುಲೈ ೧೨, ಶುಕ್ರವಾರ

ಮೇಡಂ ಹದಿನೇಳು ಕೊಟ್ಟಿದ್ದಾರೆ. ಕಾರಣ ಕೇಳಲು ಹೋದೆ.

"ಮೂರು ಯಾಕೆ ಕಳೆದೆ ಅಂತ ಕೇಳ್ತೀರಾ?" ಅಂದರು. "ಅಕ್ಷರ ಸಣ್ಣದು. ನಿಮ್ಮ ಹಾಗೇ ಬರೀತಾಳೆ."

"ಅದಲ್ಲ ಮೇಡಂ. ಕಥೆಯಲ್ಲಿ ಇಲ್ಲದ್ದನ್ನು ಬರೆದಿದ್ದಾಳೆ. ಅಪ್ಪನಿಗೆ ಭಯ ಇತ್ತು ಅಂತ ಎಲ್ಲಿದೆ?"

"ಇರಲಿಲ್ಲ ಅಂತ ಎಲ್ಲಿದೆ?"

ಇದು ವಾದವೇ ಅಲ್ಲ. ಹಾಗಂತ ಹೇಳಬೇಕೆಂದಿದ್ದೆ. ಬಾಗಿಲ ತನಕ ಹೋಗಿದ್ದೆ ಕೂಡ. ಯಾಕೋ ತಿರುಗದೆ ಹಾಗೇ ಚಪ್ಪಲಿ ಹಾಕಿಕೊಂಡು ಬಂದೆ.

ಜುಲೈ ೧೩, ಶನಿವಾರ

ಬೆಳಿಗ್ಗೆ ಹೆಂಡತಿ ಅಂಗಡಿಗೆ ಹೊರಡುವ ಮುಂಚೆ ಹೇಳಿದಳು. "ನನ್ನ ತಂಗಿ ಫೋನ್ ಮಾಡಿದ್ಲು. ಮುಂದಿನ ಟರ್ಮ್‌ಗೆ ಅವರ ಊರಿನ ಸ್ಕೂಲಿಗೆ ಸೇರ್ಕೋತೀನಿ, ಚಿಕ್ಕಮ್ಮನ ಮನೇಲಿ ಇರ್ತೀನಿ ಅಂತ ಮಗಳು ಕೇಳಿದಾಳಂತೆ. ತಂಗೀನೂ ಕಳಿಸಿ ಅಂತಿದಾಳೆ."

"ಅಲ್ಲಿ ಯಾಕೆ?"

"ಇಲ್ಲಿ ಯಾಕೆ ಇರಬೇಕು ಹೇಳಿ. ಮನೇಲಿ ಅಪ್ಪ ಮಾತಾಡಲ್ಲ. ಸ್ಕೂಲಲ್ಲಿ ಸರ್ ಮಾರ್ಕ್ಸ್ ಕೊಡಲ್ಲ."

"ನೀನು ಅವಳಿಗೆ ಹೇಳು..."

"ನಾನು ಹೇಳಲ್ಲ. ಇವತ್ತಿಂದ ನಾನು ಈ ಮನೇಲಿ ಪೋಸ್ಟ್‌ಮ್ಯಾನ್ ಕೆಲಸ ಬಿಟ್ಟಿದೀನಿ."

ಹೋದಳು. ಮಗಳ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಕೆಳಗಿನ ಕೀಲು ಸಡಿಲವಾಗಿರುವುದು ಕಾಣಿಸಿತು. ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿದೆ. ಅವಳು ಒಳಗಿನಿಂದ ಬಾಗಿಲು ತೆರೆದು ನೋಡಿದಳು. ನಾನು ಸ್ಕ್ರೂಡ್ರೈವರ್ ತೋರಿಸಿದೆ. ಅವಳು ಬಾಗಿಲು ಹಾಕಿಕೊಂಡಳು. ಸದ್ದು ಬರಲಿಲ್ಲ. ಕೀಲು ಚೆನ್ನಾಗಿ ಕೂತಿದೆ.

ಜುಲೈ ೧೪, ಭಾನುವಾರ

ಏನೂ ವಿಶೇಷವಿಲ್ಲ. ಐದು ಪುಟವನ್ನು ಮತ್ತೊಮ್ಮೆ ಓದಿದೆ.

ಜುಲೈ ೧೬, ಮಂಗಳವಾರ

ಪ್ರಬಂಧ ಹಿಂತಿರುಗಿಸಿದೆ. ತೂಕಡಿಕೆ ಎದ್ದು ನಿಂತು, "ಸರ್, ಎಲ್ಲಾರ್ದೂ ಬೇರೆ ಬೇರೆ ಬರೆದಿದೆ. ಸರಿ ಉತ್ತರ ಯಾವುದು? ಅವನು ಯಾಕೆ ಬಿದ್ದ?" ಎಂದು ಕೇಳಿದ. ನೋಡಿದರೆ ಇಡೀ ತರಗತಿ ಪೆನ್ನು ತೆಗೆದು ಬರೆದುಕೊಳ್ಳಲು ಕಾದಿತ್ತು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೆಕ್ಕದಲ್ಲಿ ಹೀಗಾದರೆ ಪುಸ್ತಕದ ಕೊನೆಯ ಪುಟ ತೆಗೆಯಬಹುದು. ಇದರ ಕೊನೆಯ ಪುಟದಲ್ಲಿ ಮುದ್ರಕರ ವಿಳಾಸವಿದೆ.

"ನನಗೆ ಗೊತ್ತಿಲ್ಲ," ಅಂದೆ. "ಈ ಪಾಠ ನಾನೂ ಮೊದಲನೇ ಸಲ ಓದ್ತಿರೋದು. ರಾತ್ರಿ ಓದ್ಕೊಂಡು ಬೆಳಿಗ್ಗೆ ಬಂದು ಹೇಳ್ತೀನಿ. ನೀವು ಎಲ್ಲಿ ಏನು ಕೇಳಿಬಿಡ್ತೀರೋ ಅಂತ ದಿನಾ ಹೆದರಿಕೆ."

ಇದ್ದದ್ದನ್ನು ಹೇಳಿದೆ, ಬೇರೆ ದಾರಿ ಇರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಮಗಳು ತಲೆ ಎತ್ತಿ ನನ್ನನ್ನೇ ನೋಡಿದಳು. ಬೋರ್ಡಿನ ಮೇಲೆ ಕಾಗುಣಿತ ತಪ್ಪಿದೆಯೇನೋ ಎಂದು ತಿರುಗಿ ನೋಡಿದೆ. ತಪ್ಪಿರಲಿಲ್ಲ.

"ಗೊತ್ತಿರೋರು ಯಾರಾದರೂ ಹೇಳಲಿ," ಎಂದು ಸೀಮೆಸುಣ್ಣ ಮೇಜಿನ ಮೇಲಿಟ್ಟೆ.

ಮಗಳು ಬಂದು ತೆಗೆದುಕೊಂಡಳು. ನಾನೆಲ್ಲಿ ನಿಲ್ಲುವುದು. ಹೋಗಿ ತೂಕಡಿಕೆಯ ಪಕ್ಕದಲ್ಲಿ ಕೂತೆ. ಆ ಬೆಂಚು ನನ್ನ ಮೊಣಕಾಲಿಗೆ ಸಾಲದು. ಅವಳು ಐದು ಪುಟವನ್ನು ನೋಡದೆಯೇ ಹೇಳಿದಳು. ನಡುವೆ ನಾನು, "ಅಪ್ಪ ಮುಂದೆ ಹಾರಲೇಬೇಕಲ್ಲ, ದಾರಿ ತೋರಿಸೋಕೆ?" ಅಂದೆ.

"ಪ್ರಶ್ನೆ ಕೇಳೋರು ಎದ್ದು ನಿಂತು ಕೇಳಬೇಕು ಸರ್."

ಎದ್ದು ನಿಂತು ಕೇಳಿದೆ.

"ದಾರಿ ಅವರಿಗೂ ಗೊತ್ತಿರಲಿಲ್ಲ ಸರ್," ಅಂದಳು. "ಅಕ್ಕಪಕ್ಕ ಹಾರಬಹುದಿತ್ತು."

"ಹಾಗೆ ಹಾರಿದ್ದರೂ ಬಿದ್ದಿದ್ದರೆ?"

"ಬಿದ್ದಿದ್ರೆ ಬಿದ್ದದ್ದು ಗೊತ್ತಾಗ್ತಿತ್ತು. ಗರಿ ನೋಡಿ ತಿಳ್ಕೋಬೇಕಾಗಿರಲಿಲ್ಲ."

ಈ ಉತ್ತರದಲ್ಲಿ ಹುಳುಕಿದೆ. ಏನೆಂದು ಹುಡುಕುವಷ್ಟರಲ್ಲಿ ಗಂಟೆ ಹೊಡೆಯಿತು. ಈ ಗಂಟೆ ಹೊಡೆಯುವವನಿಗೆ ಹೊತ್ತು ಗೊತ್ತು ತಿಳಿಯುವುದಿಲ್ಲ.

ಜುಲೈ ೧೯, ಶುಕ್ರವಾರ

ಮಳೆ ಬಂತು. ಕೊಡೆ ಒಂದೇ ಇತ್ತು. ಮಗಳೂ ನಾನೂ ಒಟ್ಟಿಗೆ ಬಂದೆವು. ಇಬ್ಬರೂ ಅರ್ಧರ್ಧ ನೆನೆದೆವು. ಹಾವುಗೂದಲಮ್ಮನ ಪರವಾಗಿ ಅವಳು ವಾದಿಸಿದಳು. ತನ್ನನ್ನು ಕಂಡವರೆಲ್ಲ ಕಲ್ಲಾಗುತ್ತಿದ್ದರೆ ಆಕೆಗೆ ಮಾತಾಡಲು ಯಾರಿದ್ದರು ಎಂದು ಕೇಳಿದಳು. ಇದನ್ನು ಯೋಚಿಸಿರಲಿಲ್ಲ.

ಜುಲೈ ೨೬, ಶುಕ್ರವಾರ

ಎರಡು ವಾರದಲ್ಲಿ ಮೇಡಂ ಬರುತ್ತಾರಂತೆ. ಹೆಡ್ ಮಾಸ್ಟರ್ ಸಂತೋಷದಿಂದ ಹೇಳಿದರು. "ನಿಮಗೂ ಬಿಡುಗಡೆ," ಅಂದರು. ಹೌದು ಅಂದೆ. ಇನ್ನೂ ನಾಲ್ಕು ಕಥೆ ಬಾಕಿ ಇವೆ, ಅವನ್ನು ಅರ್ಧಕ್ಕೆ ಬಿಡುವುದು ಮಕ್ಕಳಿಗೆ ಒಳ್ಳೆಯದಲ್ಲ ಎಂದೂ ಹೇಳಿದೆ. ಮೂಳೆ ಕೂಡುವುದಕ್ಕೆ ಅವಸರ ಮಾಡಬಾರದೆಂದು ಹೆಂಡತಿ ಯಾವಾಗಲೂ ಹೇಳುತ್ತಾಳೆ. ಮೇಡಂಗೂ ತಿಳಿಸಬೇಕು.

ಆಗಸ್ಟ್ ೯, ಶುಕ್ರವಾರ

ಮೇಡಂ ಕೋಲೂರಿಕೊಂಡು ಬಂದರು. ಮಕ್ಕಳು ಅವರನ್ನು ಸುತ್ತಿಕೊಂಡರು. ನಾನು ಸೀಮೆಸುಣ್ಣ ಕೊಟ್ಟು ಬಂದೆ. ತೂಕಡಿಕೆ ಕಾರಿಡಾರಿನಲ್ಲಿ ಹಿಂದೆ ಬಂದು, "ಸರ್, ನಿಮ್ಮ ಕ್ಲಾಸಲ್ಲಿ ನಿದ್ದೆ ಕೆಟ್ಟು ಹೋಗಿತ್ತು," ಅಂದ. ದೂರೋ ಹೊಗಳಿಕೆಯೋ ತಿಳಿಯಲಿಲ್ಲ.

ಮಧ್ಯಾಹ್ನ ಖಾಲಿ ಪೀರಿಯಡ್. ಸುಮ್ಮನೆ ಕೂತಿದ್ದೆ.

ಆಗಸ್ಟ್ ೧೧, ಭಾನುವಾರ

ಬೆಳಿಗ್ಗೆಯಿಂದ ತಲೆ ಬಿಸಿ.

ತರಕಾರಿ ತರಲು ಹೊರಟವನ ಜೊತೆ ಮಗಳೂ ಬಂದಳು. ದಾರಿಯಲ್ಲಿ ಆ ಹಾಡುಗಾರನ ಮಾತು ಬಂತು. ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರಲು ಹೋದವನು. ಮೇಲೆ ಬರುವವರೆಗೆ ಹಿಂತಿರುಗಿ ನೋಡಬಾರದು ಎಂಬ ಷರತ್ತು. ಇನ್ನೇನು ಬಂದೇಬಿಟ್ಟೆವು ಅನ್ನುವಾಗ ತಿರುಗಿ ನೋಡಿದ, ಅವಳು ಮಾಯವಾದಳು. ಷರತ್ತು ಅಂದರೆ ಷರತ್ತು, ಅವನು ನೋಡಬಾರದಿತ್ತು ಅಂದೆ.

"ಅಪ್ಪ, ನಿನಗೆ ಅರ್ಥಾನೇ ಆಗಿಲ್ಲ," ಅಂದಳು. "ಅವಳ ಹೆಜ್ಜೆ ಸಪ್ಪಳ ಕೇಳಿಸಲಿಲ್ಲ, ಅದಕ್ಕೆ ನೋಡಿದ. ನೋಡದೇ ಇರೋದು ಹೆಂಗೆ?"

"ನಂಬಿಕೆ ಇರಬೇಕು ಕಣೇ."

"ನೀನಾಗಿದ್ರೆ ನೋಡ್ತಿರಲಿಲ್ವಾ?"

"ಖಂಡಿತ ಇಲ್ಲ."

"ನೋಡ್ತಿದ್ದೆ. ಮಾರ್ಕೆಟ್ಟಲ್ಲಿ ಅಮ್ಮ ಎರಡು ಅಂಗಡಿ ಹಿಂದೆ ಉಳಿದ್ರೆ ಹತ್ತು ಸಲ ತಿರುಗ್ತೀಯ."

ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಪಾತಾಳವೆಲ್ಲಿ, ಮಾರ್ಕೆಟ್ ಎಲ್ಲಿ. ಹಾಗಂತ ಹೇಳಿದೆ. ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ. ಮಾತಿನ ಭರದಲ್ಲಿ ಮಾರ್ಕೆಟ್ ದಾಟಿ ಮುಂದೆ ಹೋಗಿ, ಅಲ್ಲಿಂದ ತಿರುಗಿ ಮನೆಗೇ ಬಂದೆವು. ತರಕಾರಿ ತರಲಿಲ್ಲ. ಹೆಂಡತಿ ಖಾಲಿ ಚೀಲ ನೋಡಿದಳು, ನಮ್ಮಿಬ್ಬರನ್ನೂ ನೋಡಿದಳು. "ಬೀದಿ ತುದಿಯಿಂದಲೇ ಕೇಳಿಸ್ತಿತ್ತು ನಿಮ್ಮಿಬ್ಬರ ಗಲಾಟೆ. ಒಂದು ಗಳಿಗೆ ಬಾಯಿ ಮುಚ್ಚಿ, ತಲೆ ನೋಯ್ತಿದೆ ನನಗೆ," ಅಂದಳು. ಊಟಕ್ಕೆ ಮೊಟ್ಟೆ ಬೇಯಿಸಿದಳು. ಊಟ ಮಾಡುವಾಗಲೂ ವಾದ ನಡೆಯಿತು. ಹುಡುಗಿ ಮೊಂಡು. ಯಾರ ಹಾಗೋ.

ಸಂಜೆ ನಾದಿನಿಯ ಫೋನ್ ಬಂದಿತ್ತಂತೆ, ಸೀಟಿನ ವಿಷಯ ಕೇಳಲು. "ಈಗ ಬೇಡ ಚಿಕ್ಕಮ್ಮ, ಬರಲ್ಲ. ಇಲ್ಲಿ ಒಂದು ಜಗಳ ಬಾಕಿ ಇದೆ," ಅಂದಳಂತೆ ಮಗಳು.

ಯಾರ ಜೊತೆ ಜಗಳವೋ ಏನೋ. ನಾಳೆ ವಿಚಾರಿಸಬೇಕು.